ಹೈಪರ್‌ಸ್ಪೆಕ್ಟ್ರಲ್ ಚಿತ್ರವನ್ನು ರೋಹಿತ ಕೆಡದಂತೆ ಸ್ಪಷ್ಟಗೊಳಿಸುವ ಕ್ರಮ

2019ರಲ್ಲಿ ಕಕ್ಷೆ ಸೇರಿದ ಇಟಲಿಯ ಪ್ರಿಸ್ಮಾ ಉಪಗ್ರಹ ಒಂದೇ ನೆಲದ ಎರಡು ಚಿತ್ರಗಳನ್ನು ಕೊಡುತ್ತದೆ. ಸುಮಾರು 400ರಿಂದ 2500 ನ್ಯಾನೊಮೀಟರ್‌ವರೆಗಿನ ಬೆಳಕನ್ನು 200ಕ್ಕೂ ಹೆಚ್ಚು ಕಿರುಬ್ಯಾಂಡ್‌ಗಳಾಗಿ ಬಿಡಿಸಿಡುವ ಹೈಪರ್‌ಸ್ಪೆಕ್ಟ್ರಲ್ ಚಿತ್ರದ ಪಿಕ್ಸೆಲ್ 30 ಮೀಟರಿನದಾದರೆ, ಕಪ್ಪು-ಬಿಳುಪಿನ ಪ್ಯಾನ್‌ಕ್ರೊಮ್ಯಾಟಿಕ್ ಚಿತ್ರದ್ದು 5 ಮೀಟರಿನದು. ಕಿರುಬ್ಯಾಂಡಿಗೆ ದಕ್ಕುವ ಬೆಳಕು ಅತ್ಯಲ್ಪವಾದ್ದರಿಂದ ಅದರ ಪಿಕ್ಸೆಲ್ ದೊಡ್ಡದಾಗಿರಲೇಬೇಕು. ಎರಡನೆಯ ಚಿತ್ರದ ಅಂಚುಗಳನ್ನು ಮೊದಲನೆಯದಕ್ಕೆ ತರುವುದೇ ಚಿತ್ರ ಸಂಯೋಜನೆ. ಕಣ್ಣಿಗೆ ಚೂಪಾಗಿ ಕಾಣುವಂತೆ ಮಾಡುವುದು ಇದರಲ್ಲಿ ಸುಲಭದ ಭಾಗ. ಪ್ರತಿ ಪಿಕ್ಸೆಲ್‌ನ ರೋಹಿತವನ್ನು, ಅಂದರೆ ಯಾವ ಬ್ಯಾಂಡ್‌ನಲ್ಲಿ ಎಷ್ಟು ಬೆಳಕಿದೆ ಎಂಬ ಮೌಲ್ಯಗಳ ಸಾಲನ್ನು, ಉಳಿಸಿಕೊಳ್ಳುವುದು ಕಷ್ಟದ ಭಾಗ. ಈ ಸಂಯೋಜನೆಯನ್ನು ಇಲ್ಲಿ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿಯುವ ಗಣಕ ಮಾದರಿ, ಮಾಡುತ್ತದೆ.

ಮೊದಲು 1400 ಮತ್ತು 1900 ನ್ಯಾನೊಮೀಟರ್‌ಗಳ ಆಸುಪಾಸಿನ ಬ್ಯಾಂಡ್‌ಗಳನ್ನು ತೆಗೆದುಹಾಕಿ. ಅಲ್ಲಿ ವಾತಾವರಣದ ನೀರಾವಿಯು ಬೆಳಕನ್ನು ಹೀರಿಬಿಡುವುದರಿಂದ ಉಳಿಯುವುದು ಬಹುಪಾಲು ಗದ್ದಲವೇ, ಅಂದರೆ ಅರ್ಥವಿಲ್ಲದ ಏರಿಳಿತವೇ. ಅನಂತರ ಎರಡೂ ಚಿತ್ರಗಳನ್ನು ಒಂದರ ಮೇಲೊಂದು ನಿಖರವಾಗಿ ಕೂರಿಸಿ. ಈ ಹೊಂದಾಣಿಕೆ ತಪ್ಪಿದರೆ ನ್ಯೂರಲ್ ನೆಟ್‌ವರ್ಕ್ ಆ ತಪ್ಪನ್ನೇ ಕಲಿತು ಕಟ್ಟಡಗಳ ಪಕ್ಕದಲ್ಲಿ ನೆರಳಂಚುಗಳನ್ನು ಮೂಡಿಸುತ್ತದೆ. ನೆಟ್‌ವರ್ಕಿನ ವಿನ್ಯಾಸಕ್ಕೆ ಕೊಡುವಷ್ಟೇ ಸಮಯವನ್ನು ಇದಕ್ಕೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ತರಬೇತಿಗೆ 5 ಮೀಟರಿನ ನಿಜವಾದ ಹೈಪರ್‌ಸ್ಪೆಕ್ಟ್ರಲ್ ಚಿತ್ರ ಬೇಕು, ಆದರೆ ಅದು ಇಲ್ಲ. ಈ ತೊಡಕಿಗೆ ವಾಲ್ಡ್ ಮತ್ತು ಸಂಗಡಿಗರು 1997ರಲ್ಲಿ ಮಂಡಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ: ಎರಡೂ ಚಿತ್ರಗಳನ್ನು 6 ಪಟ್ಟು ಕುಗ್ಗಿಸಿ, 180 ಮೀಟರಿನ ಹೈಪರ್‌ಸ್ಪೆಕ್ಟ್ರಲ್ ಹಾಗೂ 30 ಮೀಟರಿನ ಪ್ಯಾನ್‌ಕ್ರೊಮ್ಯಾಟಿಕ್ ಚಿತ್ರಗಳನ್ನು ನೆಟ್‌ವರ್ಕಿಗೆ ಉಣಿಸಿ, ಮೂಲದ 30 ಮೀಟರಿನ ಹೈಪರ್‌ಸ್ಪೆಕ್ಟ್ರಲ್ ಚಿತ್ರವನ್ನೇ ಸರಿಯುತ್ತರವೆಂದು ಇಟ್ಟುಕೊಳ್ಳುವುದು. ಕುಗ್ಗಿಸುವಾಗ ಪಿಕ್ಸೆಲ್‌ಗಳನ್ನು ಸುಮ್ಮನೆ ಬಿಟ್ಟುಬಿಟ್ಟು ಆಯ್ದುಕೊಳ್ಳದೆ, ಸಂವೇದಕದ ಮಸುಕನ್ನು ಹೋಲುವ ಗಾಸಿಯನ್ ಫಿಲ್ಟರನ್ನು ಮೊದಲು ಹಾಯಿಸಬೇಕು. ತರಬೇತಿಯ ತುಣುಕುಗಳೂ ಪರೀಕ್ಷೆಯ ತುಣುಕುಗಳೂ ನೆಲದ ಬೇರೆ ಬೇರೆ ಭಾಗಗಳಿಂದ ಬರಲಿ. ಒಂದರ ಮೇಲೊಂದು ಹಾಯ್ದರೆ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ.

ನೆಟ್‌ವರ್ಕಿನಿಂದ ಇಡೀ ಚಿತ್ರವನ್ನು ಬರೆಸಬೇಡಿ. ಹೈಪರ್‌ಸ್ಪೆಕ್ಟ್ರಲ್ ಚಿತ್ರವನ್ನು ಇಂಟರ್‌ಪೊಲೇಷನ್‌ನಿಂದ (ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ನಡುವಿನ ಮೌಲ್ಯ ಅಂದಾಜಿಸಿ) ಹಿಗ್ಗಿಸಿಟ್ಟು, ಅದರಲ್ಲಿ ಕಾಣೆಯಾದ ವಿವರವನ್ನಷ್ಟೇ ಕಲಿಸಿ ಕೂಡಿಸಿದರೆ ಮೂಲದ ರೋಹಿತ ಬಹುಮಟ್ಟಿಗೆ ತಾನಾಗಿಯೇ ಉಳಿಯುತ್ತದೆ. ನೆಟ್‌ವರ್ಕಿನ ತಪ್ಪನ್ನು ಅಳೆಯುವ ಲಾಸ್ ಲೆಕ್ಕಕ್ಕೆ ಪಿಕ್ಸೆಲ್ ಮೌಲ್ಯಗಳ ವ್ಯತ್ಯಾಸದೊಡನೆ ರೋಹಿತಗಳ ನಡುವಿನ ಕೋನವನ್ನೂ, ಅಂದರೆ ಅವುಗಳ ಆಕಾರ ಎಷ್ಟು ಬೇರೆ ಎಂಬ ಅಳತೆಯನ್ನೂ, ಸೇರಿಸಿ. ಕೋನವೊಂದೇ ಸಾಲದು, ಏಕೆಂದರೆ ಹೊಳಪು ಇಮ್ಮಡಿಯಾದರೂ ಅದು ಬದಲಾಗುವುದಿಲ್ಲ.

ಪ್ರಿಸ್ಮಾದ ಪ್ಯಾನ್‌ಕ್ರೊಮ್ಯಾಟಿಕ್ ಸಂವೇದಕ 700 ನ್ಯಾನೊಮೀಟರ್‌ವರೆಗಷ್ಟೇ ನೋಡುತ್ತದೆ. ಅದರಾಚೆಯ ಅವಕೆಂಪು ಬ್ಯಾಂಡ್‌ಗಳಲ್ಲಿ ಮೂಡುವ ವಿವರ ಅಳತೆಯಲ್ಲ, ಕಲಿತ ಊಹೆ. ಆದ್ದರಿಂದ ಗೋಚರ ಬ್ಯಾಂಡ್‌ಗಳ ಗುಣಮಟ್ಟದ ಅಂಕಗಳನ್ನೂ ಅವಕೆಂಪಿನ ಅಂಕಗಳನ್ನೂ ಒಂದೇ ಸರಾಸರಿಯಲ್ಲಿ ಬೆರೆಸದೆ ಬೇರೆಬೇರೆಯಾಗಿ ವರದಿ ಮಾಡಿ.

ಕೊನೆಯ ಪರೀಕ್ಷೆ ಪೂರ್ಣ ಅಳತೆಯ ಚಿತ್ರದ ಮೇಲೆ: ಸಂಯೋಜಿತ ಚಿತ್ರವನ್ನು ಮತ್ತೆ 30 ಮೀಟರಿಗೆ ಮಸುಕಾಗಿಸಿ ಮೂಲದೊಡನೆ ಹೋಲಿಸಿ. ಜೊತೆಗೆ ಮರವೊಂದರ ಪಕ್ಕದ ಚಾವಣಿಯ ಪಿಕ್ಸೆಲ್ ಆಯ್ದು ಅದರ ರೋಹಿತವನ್ನು ಗೀಚಿ ನೋಡಿ. 700 ನ್ಯಾನೊಮೀಟರಿನ ಬಳಿ ಹಸಿರೆಲೆಗಳಿಗೆ ಸಹಜವಾದ ಕಡಿದಾದ ಏರಿಕೆ ಅಲ್ಲಿ ಕಂಡರೆ, ಪಕ್ಕದ ಮರದ ರೋಹಿತ ಇನ್ನೂ ಚಾವಣಿಯೊಳಗೆ ಬೆರೆತೇ ಇದೆ.