620 ಮೀಟರ್ ಫುಟ್‌ಪಾತ್, ಒಂದು ಟೇಪು

ಫುಟ್‌ಪಾತ್ ಅಳೆದು ಬರೆದ ಪಟ್ಟಿ ಹಿಡ್ಕೊಂಡು ಹೋದರೆ ಯಾವ ಎಂಜಿನಿಯರ್ ಓದ್ತಾನೆ ಅಂತ ನಕ್ಕವರೇ ಹೆಚ್ಚು. ಬೆಂಗಳೂರಿನ ನಮ್ಮ ವಾರ್ಡಿನ ಈ ರಸ್ತೆಯಲ್ಲಿ ಮಗುವಿನ ತಳ್ಳುಗಾಡಿ ಮೊದಲು ಮೂವತ್ತೊಂದು ಸಲ ರಸ್ತೆಗೆ ಇಳಿಯಬೇಕಿತ್ತು. ಈಗ ಎರಡೇ ಸಲ.

ಅದಕ್ಕೂ ಮುಂಚೆ ಕೆಟ್ಟದ್ದು ಬೇಕಾದಷ್ಟಿದೆ. ನಾನೂರು ಸಹಿಯ ಮನವಿ ಕಡತದಲ್ಲಿ ಮಲಗಿತು. ಆ್ಯಪಿನಲ್ಲಿ ಹಾಕಿದ ಹದಿನೈದಿಪ್ಪತ್ತು ದೂರುಗಳು ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋದವು. ಫ್ಲೆಕ್ಸಿಗೂ ಟೀ ಶರ್ಟಿಗೂ ಸುರಿದ ಆರು ಸಾವಿರ ನೀರುಪಾಲು. ‘ಫುಟ್‌ಪಾತ್ ಸರಿಮಾಡಿ’ ಅಂದರೆ ಅದು ಯಾರ ಕೆಲಸವೂ ಅಲ್ಲ. ಟ್ರಾನ್ಸ್‌ಫಾರ್ಮರ್ ಕರೆಂಟಿನವರದು, ಚೇಂಬರ್ ಮುಚ್ಚಳ ನೀರಿನವರದು, ಗೇಟಿನ ಇಳಿಜಾರು ಮನೆಯವರದು. ನೇತಾಡುವ ಕೇಬಲ್ಲಿಗೆ ಅಪ್ಪನೇ ಇಲ್ಲ.

ಹಾಗಾಗಿ ಪ್ರತಿ 20 ಮೀಟರಿಗೆ ಕಾಂಪೌಂಡ್ ಮೇಲೆ ಸೀಮೆಸುಣ್ಣದ ಗೆರೆ. ಎರಡು ಗೆರೆಗಳ ನಡುವೆ ಅತಿ ಕಿರಿದಾದ ಜಾಗ ಎಷ್ಟು, ಅಡ್ಡ ಇರುವುದು ಏನು, ಅದು ಯಾರದು. ಸರಾಸರಿ ತೆಗೆಯಬೇಡಿ. ನಮ್ಮ ಮೊದಲ ಪಟ್ಟಿಯಲ್ಲಿ ಸರಾಸರಿ 1.9 ಮೀಟರ್ ಬಂತು, ಐಆರ್‌ಸಿ 103 (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ) ಕೇಳುವುದು ಕನಿಷ್ಠ 1.8, ಅಲ್ಲಿಗೇ ಕೇಸು ಖಲಾಸ್. ಕಿರಿದಾದ ಕಡೆ ಇದ್ದದ್ದು 60 ಸೆಂ.ಮೀ. ಕರ್ಬ್ (ಫುಟ್‌ಪಾತಿನ ಅಂಚುಕಲ್ಲು) ಎತ್ತರ 15 ಸೆಂ.ಮೀ. ಮೀರಬಾರದು; ಚರಂಡಿ ಚಪ್ಪಡಿ ಮೇಲೆ ಟೈಲ್ಸ್ ಹಾಸಿದಲ್ಲೆಲ್ಲ ಇಪ್ಪತ್ತೆಂಟು, ಮೂವತ್ತು. ಫೋಟೊದಲ್ಲಿ ಟೇಪಿನ ಅಂಕಿ ಕಾಣಬೇಕು.

ಆಮೇಲೆ ಆರ್‌ಟಿಐ: ಎಸ್ಟಿಮೇಟ್ ಮತ್ತು ಎಂ.ಬಿ. (ಮಾಡಿದ ಕೆಲಸದ ಅಳತೆ ಬರೆಯುವ ಮೆಷರ್‌ಮೆಂಟ್ ಬುಕ್) ಪ್ರತಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಬೀದಿದೀಪ, ಚರಂಡಿ ಎಲ್ಲ ತುರುಕಿದ ಮೊದಲ ಅರ್ಜಿ ವಾಪಸ್ ಬಂತು. 10 ರೂಪಾಯಿ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿ, ಎಲ್ಲ ಸೇರಿ ಇನ್ನೂರರೊಳಗೆ ಮುಗಿಯಿತು. ಎಂ.ಬಿ.ಯಲ್ಲಿ ಬರೆದ ಅಗಲದ ಪಕ್ಕ ನಮ್ಮ ಟೇಪಿನ ಫೋಟೊ ಅಂಟಿಸಿದ ಮೇಲೆ ವಾದ ಮಾಡುವುದೇ ಬೇಕಾಗಲಿಲ್ಲ. ಗುತ್ತಿಗೆದಾರನ ದೋಷ ಹೊಣೆ ಅವಧಿ (ಕೆಲಸದ ದೋಷವನ್ನು ಅವನೇ ಸರಿಮಾಡಿಕೊಡಬೇಕಾದ ಅವಧಿ) ಮುಗಿಯುವ ಮೊದಲೇ ಈ ಹಾಳೆ ಕೊಡಿ. ದಾಟಿದರೆ ಹೊಸ ಟೆಂಡರಿಗೆ ಕಾಯಬೇಕು. ಆ ಹಾಳೆ ಮೊದಲು ಯಾರ ಕೈಗೆ, ತಿಂಗಳ ಯಾವ ವಾರ ಅನ್ನುವುದು ನಮ್ಮ ಹತ್ತಿರವೇ ಇರಲಿ.

ಗೇಟುಗಳ ಮುಂದೆ ಇಡೀ ಫುಟ್‌ಪಾತ್ ತಗ್ಗಿಸದೆ ಹೊರ ಅಂಚಿನ 50 ಸೆಂ.ಮೀ. ಮಾತ್ರ ಇಳಿಜಾರು ಮಾಡಿಸಿದೆವು. ಕಾರು ಹತ್ತುತ್ತದೆ, ನಡೆಯುವವರು ಮಟ್ಟಸವಾಗಿ ಹೋಗುತ್ತಾರೆ. ಸ್ಕೂಟರ್ ತಡೆಯಲು ನೆಡುವ ಗಿಡ್ಡ ಕಂಬ, ಬೊಲ್ಲಾರ್ಡ್, ಮಾತ್ರ ಕೈಕೊಟ್ಟಿತು: ಗಾಲಿಕುರ್ಚಿಗೆ 90 ಸೆಂ.ಮೀ. ಬಿಟ್ಟರೆ 70ರ ಹ್ಯಾಂಡಲಿನ ಸ್ಕೂಟರಿಗೂ ರಾಜಮಾರ್ಗ. ಸೈಕಲ್ ಪಥವನ್ನೂ ಅದೇ ಪಟ್ಟಿಗೆ ಸೇರಿಸಿದ್ದು ದೊಡ್ಡ ತಪ್ಪು. ಪಾರ್ಕಿಂಗ್ ಹೋಗುತ್ತದೆಂದು ಅಂಗಡಿಯವರು ತಿರುಗಿಬಿದ್ದು ಫುಟ್‌ಪಾತಿಗೇ ಕುತ್ತು ಬಂದಿತ್ತು. ಈಗ ಅದು ಬೇರೆ ಕಡತ.

ಉಳಿದ ಎರಡರಲ್ಲಿ ಒಂದು ಟ್ರಾನ್ಸ್‌ಫಾರ್ಮರ್. ಸ್ಥಳಾಂತರದ ಎಸ್ಟಿಮೇಟ್ ಲಕ್ಷ ದಾಟಿದೆ, ಯಾರು ಕಟ್ಟಬೇಕೆಂದು ಕಡತ ಓಡಾಡುತ್ತಿದೆ. ಇನ್ನೊಂದು ಹಳೇ ಹೊಂಗೆ ಮರ. ಅದನ್ನು ಪಟ್ಟಿಯಿಂದ ನಾವೇ ಹೊಡೆದುಹಾಕಿ, ಬುಡದ ಕಾಂಕ್ರೀಟ್ ಒಡೆಸಿ ಮಣ್ಣು ಬಿಡಿಸಿದೆವು. ಅಲ್ಲಿ ಗಾಡಿ ರಸ್ತೆಗಿಳಿಯಲಿ.