ತೆರಿಗೆ ಇಲಾಖೆಯಿಂದ ಪತ್ರ ಬಂತಾ? ಮೊದಲು ಲೆಕ್ಕ ತಾಳೆ ನೋಡಿ

ತೆರಿಗೆ ಇಲಾಖೆಯ ಪತ್ರ ನೋಡಿ ಗಾಬರಿಯಾಗಿ, ಅವತ್ತೇ ಏನೋ ಒಂದು ಉತ್ತರ ಗೀಚಿ ಕಳಿಸಿದ ಸಣ್ಣ ವ್ಯಾಪಾರಿಗಳನ್ನು ಬಹಳ ನೋಡಿದ್ದೇನೆ. ಕವರ್ ಒಡೆಯದೆ ಡ್ರಾಯರ್‌ಗೆ ತಳ್ಳಿದವರನ್ನೂ ನೋಡಿದ್ದೇನೆ. ಎರಡರಲ್ಲೂ ನಷ್ಟ ಅವರಿಗೇ. ಎಷ್ಟೋ ದೇಶಗಳಲ್ಲಿ ಇಲಾಖೆಯವರು ತಪಾಸಣೆಗೆ ಬರುವ ಮೊದಲು ಪತ್ರ ಬರೆಯುವುದು ತಿದ್ದಿಕೊಳ್ಳಲಿ ಅಂತಲೇ.

ಮೊದಲು ಪತ್ರ ಅಸಲಿಯೇ ನೋಡಿ. ಮೆಸೇಜಿನ ಲಿಂಕ್ ಒತ್ತಬೇಡಿ, ಇಲಾಖೆಯ ಜಾಲತಾಣಕ್ಕೆ ನೀವೇ ಹೋಗಿ ಖಾತೆ ತೆರೆಯಿರಿ.

ಬರೀ ನೆನಪಿಸುವ ಪತ್ರವಾದರೆ ಬಾಕಿ ಕಟ್ಟಿಬಿಡಿ, ಮುಗೀತು. ಬ್ರಿಟನ್ನಿನಲ್ಲಿ ಇಂಥ ಪತ್ರಕ್ಕೆ ‘ಹೆಚ್ಚಿನವರು ಸಮಯಕ್ಕೆ ಸರಿಯಾಗಿ ತೆರಿಗೆ ಕಟ್ಟುತ್ತಾರೆ’ ಎಂಬ ಅರ್ಥದ ಒಂದು ಸಾಲು ಸೇರಿಸಿದ್ದಕ್ಕೇ ಬೇಗ ಕಟ್ಟುವವರು ಜಾಸ್ತಿಯಾದರು.

ಕಷ್ಟ ಇರುವುದು ‘ನಿಮ್ಮ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ವ್ಯತ್ಯಾಸವಿದೆ’ ಎಂಬ ಪತ್ರದಲ್ಲಿ. ಅವರ ಲೆಕ್ಕ ಎಲ್ಲಿಂದ ಬಂತು? ನಿಮ್ಮಿಂದ ಕೊಂಡವರ ಬಿಲ್, ಕಾರ್ಡ್ ಕಂಪನಿಯ ವರದಿ, ಹೀಗೆ ಬೇರೆಯವರ ಕೈಯಿಂದ. ತೈವಾನ್ 1951ರಿಂದ ಬಿಲ್ಲಿನ ನಂಬರಿಗೇ ಲಾಟರಿ ಇಟ್ಟಿದೆ, ಗಿರಾಕಿ ತಾನೇ ಬಿಲ್ ಕೇಳಲಿ ಅಂತ. ಆಸ್ಟ್ರೇಲಿಯಾದ ಇಲಾಖೆ ಒಂದೊಂದು ಕಸುಬಿನಲ್ಲೂ ವಹಿವಾಟಿಗೆ ಖರ್ಚು ಸಾಮಾನ್ಯವಾಗಿ ಎಷ್ಟು ಪಾಲು ಅಂತ ಪ್ರಕಟಿಸುತ್ತದೆ. ಅದರಿಂದ ತುಂಬಾ ದೂರ ಇದ್ದವರ ಮೇಲೆ ಕಣ್ಣು ಬೀಳುತ್ತದೆ.

ಹಾಗಾಗಿ ವರ್ಷದ ಮೊತ್ತ ಹಿಡಿದು ಕೂರಬೇಡಿ. ಒಂದೊಂದೇ ತಿಂಗಳು ತಗೊಳ್ಳಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಬಿಲ್ ಪುಸ್ತಕದ ಮಾರಾಟ, ಬ್ಯಾಂಕಿಗೆ ಬಂದದ್ದು, ರಿಟರ್ನ್‌ನಲ್ಲಿ ತೋರಿಸಿದ್ದು. ನಾನು ಕಂಡ ಹೆಚ್ಚಿನ ತಪ್ಪು ಕಮಿಷನ್ನಿನದು. 100ಕ್ಕೆ ಮಾರಿದ್ದೀರಿ, ಆ್ಯಪ್‌ನವರು 10 ಹಿಡಿದುಕೊಂಡು 90 ಹಾಕಿದ್ದಾರೆ. ನೀವು 90 ಮಾರಾಟ ಅಂತ ಬರೆದಿರಿ. ಅಲ್ಲ, ಮಾರಾಟ 100, ಖರ್ಚು 10. ಇಲಾಖೆಗೆ ಕಾಣುವುದೂ 100. ಆಮೇಲೆ ವಾಪಸ್ ಬಂದ ಸರಕು, ತಿಂಗಳ ಕೊನೆಯ ದಿನ ಮಾರಿ ಮುಂದಿನ ತಿಂಗಳು ಕೈಸೇರಿದ ಹಣ, ನೀವೇ ಅಂಗಡಿ ಖಾತೆಗೆ ಹಾಕಿದ ಮನೆ ದುಡ್ಡು ಹುಡುಕಿ. ಪ್ರತಿ ವ್ಯತ್ಯಾಸದ ಪಕ್ಕ ಕಾರಣ, ಬಿಲ್ ನಂಬರ್ ಬರೆಯಿರಿ. ಈ ಹಾಳೆಯೇ ನಿಮ್ಮ ಉತ್ತರ.

ಇದನ್ನು ಕೈಯಲ್ಲೇ ಮಾಡಿ. ಅಳಿಸಿದ ಬಿಲ್ಲಿನ ಗುರುತೂ ಉಳಿಸದ ಬಿಲ್ಲಿಂಗ್ ಆ್ಯಪನ್ನಂತೂ ಬಿಟ್ಟಿ ಕೊಟ್ಟರೂ ಮುಟ್ಟಬೇಡಿ. ನೀವು ಪ್ರಾಮಾಣಿಕರಾದರೂ ಆಗ ತೋರಿಸಲು ಸಾಕ್ಷಿಯೇ ಇರುವುದಿಲ್ಲ.

ತಪ್ಪು ನಿಮ್ಮದೇ ಆಗಿದ್ದರೆ ತಪಾಸಣೆ ಶುರುವಾಗುವ ಮೊದಲೇ ಹೇಳಿಬಿಡಿ. ತಾವಾಗಿ ಹೇಳಿದವರಿಗೆ ಬಹಳ ಕಡೆ ದಂಡ ಕಡಿಮೆ. ಒಂದೇ ಸಲಕ್ಕೆ ಕಟ್ಟಲು ಆಗದಿದ್ದರೆ ಕಂತು ಕೇಳಿ, ಕೇಳಲು ನಾಚಿಕೆ ಬೇಡ. ಆದರೆ ಗಡುವಿನೊಳಗೆ ಕೇಳಿ.

ಕಳಿಸಿದ ಉತ್ತರದ ಪ್ರತಿಯನ್ನೂ ಸ್ವೀಕೃತಿಯನ್ನೂ ಆಯಾ ತಿಂಗಳ ಬಿಲ್ಲುಗಳ ಜೊತೆಗೇ ಪಿನ್ ಮಾಡಿಡಿ.