ಐದಕ್ಷರದ ಊರು: ಪದ ಊಹಿಸುವ ವೆಬ್ ಆಟ ಕಟ್ಟುವುದು ಹೀಗೆ

ವಿಜಯಪುರ, ಬಾಗಲಕೋಟೆ, ಬೈಲಹೊಂಗಲ, ಮುದ್ದೇಬಿಹಾಳ, ಪಟ್ಟದಕಲ್ಲು, ಗುಳೇದಗುಡ್ಡ. ಎಲ್ಲವೂ ಐದಕ್ಷರದ ಹೆಸರುಗಳೇ. ಊಹಿಸಲು ಆರು ಅವಕಾಶ ಕೊಡುವ ಆಟಕ್ಕೆ ಬೇಕಾದ ಸರಕು ಬೆಳಗಾವಿ ಸೀಮೆಯ ಮೂರು ಜಿಲ್ಲೆಗಳಲ್ಲೇ ಸಿಗುತ್ತದೆ. ಒಂದು ಎಚ್‌ಟಿಎಂಎಲ್ ಫೈಲು, ಒಂದು ಜಾವಾಸ್ಕ್ರಿಪ್ಟ್ ಫೈಲು ಇದ್ದರಾಯಿತು. ಇಷ್ಟಕ್ಕೆ ಫ್ರೇಮ್‌ವರ್ಕ್ ಹಚ್ಚಲು ಹೋಗಬೇಡಿ.

ತೊಡಕು ಶುರುವಾಗುವುದು ಎಣಿಕೆಯಲ್ಲಿ. ಲೆಂಗ್ತ್ ಕೇಳಿದರೆ ಜಾವಾಸ್ಕ್ರಿಪ್ಟ್ ವಿಜಯಪುರಕ್ಕೆ 7, ಪಟ್ಟದಕಲ್ಲಿಗೆ 10 ಅನ್ನುತ್ತದೆ. ಅದು ಎಣಿಸುವುದು ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತವನ್ನು; ಗುಣಿತದ ಚಿಹ್ನೆಯೂ ಹಲಂತವೂ ಅಲ್ಲಿ ಬೇರೆ ಬೇರೆ ಸಂಕೇತಗಳೇ. ಆದ್ದರಿಂದ ಪದವನ್ನು ತುಂಡು ಮಾಡಿಕೊಡುವ ಇಂಟ್ಲ್.ಸೆಗ್ಮೆಂಟರ್ ಬಳಸಿ, ಗ್ರ್ಯಾನ್ಯುಲಾರಿಟಿಗೆ ಗ್ರಾಫೀಮ್ ಎಂದು ಕೊಡಿ. ಗುಣಿತಗಳು ಸರಿಯಾಗಿ ಕೂಡುತ್ತವೆ. ಒತ್ತಕ್ಷರ ಮಾತ್ರ ಒಡೆದುಹೋಗುವುದುಂಟು: ಟ್ಟ ಎಂಬುದು ಟ್ ಮತ್ತು ಟ ಎಂದು ಎರಡು ತುಂಡಾಗಿ, ಪಟ್ಟದಕಲ್ಲು ಏಳಕ್ಷರವಾಗುತ್ತದೆ. ಪರಿಹಾರ ಸುಲಭ. ತುಂಡುಗಳ ಮೇಲೆ ಒಂದು ಲೂಪ್ ಓಡಿಸಿ. ಯಾವ ತುಂಡು ಹಲಂತದಲ್ಲಿ (ಕ್ಯಾರೆಕ್ಟರ್ ಕೋಡ್ 3277) ಮುಗಿಯುತ್ತದೋ ಅದಕ್ಕೆ ಮುಂದಿನ ತುಂಡನ್ನು ಅಂಟಿಸಿ. ಮುಂದಿನದು ಖಾಲಿ ಜಾಗವಾಗಿದ್ದರೆ ಅಂಟಿಸಬಾರದು.

ತುಂಡು ಮಾಡುವ ಮೊದಲೇ ಟ್ರಿಮ್ (ಅಂಚಿನ ಖಾಲಿ ಜಾಗ ತೆಗೆಯುವುದು) ಮತ್ತು ನಾರ್ಮಲೈಸ್ (ಒಂದೇ ರೂಪಕ್ಕೆ ತರುವುದು, ಎನ್‌ಎಫ್‌ಸಿ) ಎರಡನ್ನೂ ಮಾಡಿ. ಕೋ ಎಂಬುದರ ಗುಣಿತವನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಸರಿ ಉತ್ತರ ಬರೆದರೂ ತಪ್ಪೆಂದು ತೋರಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಪ್ರತಿ ಊಹೆಯ ಅಕ್ಷರಗಳಿಗೆ ಬಣ್ಣ ಹಚ್ಚಬೇಕು: ಜಾಗವೂ ಸರಿಯಿದ್ದರೆ ಹಸಿರು, ಅಕ್ಷರ ಉತ್ತರದಲ್ಲಿದ್ದು ಜಾಗ ಬೇರೆಯಾದರೆ ಹಳದಿ, ಇಲ್ಲದಿದ್ದರೆ ಬೂದು. ಇದನ್ನು ಎರಡು ಸುತ್ತಿನಲ್ಲಿ ಮಾಡಬೇಕು. ಉತ್ತರ ಬಾಗಲಕೋಟೆ, ಆಡುವವರು ಬರೆದದ್ದು ಬೈಲಹೊಂಗಲ ಎಂದಿಟ್ಟುಕೊಳ್ಳಿ. ಒಂದೇ ಸುತ್ತಿನಲ್ಲಿ ‘ಉತ್ತರದಲ್ಲಿ ಈ ಅಕ್ಷರ ಇದೆಯೇ’ ಎಂದಷ್ಟೇ ನೋಡಿದರೆ ಎರಡೂ ಲ ಹಳದಿಯಾಗುತ್ತವೆ. ಉತ್ತರದಲ್ಲಿರುವುದು ಒಂದೇ ಲ. ಮೊದಲ ಸುತ್ತಿನಲ್ಲಿ ಜಾಗವೂ ಸರಿಯಿರುವುದಕ್ಕೆ ಹಸಿರು ಕೊಟ್ಟು, ಉತ್ತರದಲ್ಲಿ ಉಳಿದ ಅಕ್ಷರಗಳು ಎಷ್ಟೆಷ್ಟಿವೆ ಎಂದು ಬರೆದಿಡಿ. ಎರಡನೆಯ ಸುತ್ತಿನಲ್ಲಿ ಹಳದಿ ಕೊಟ್ಟಾಗಲೆಲ್ಲ ಆ ಲೆಕ್ಕದಿಂದ ಒಂದು ಕಳೆಯಿರಿ. ಆಗ ಮೊದಲ ಲ ಮತ್ತು ಗ ಹಳದಿ, ಕೊನೆಯ ಲ ಬೂದು.

ಇದರ ಮೇಲೆ ನೀಲಿ ಬಣ್ಣ ಒಂದನ್ನು ಸೇರಿಸಲೇಬೇಕು ಎನ್ನುತ್ತೇವೆ. ಗುಣಿತ, ಒತ್ತು ಎಲ್ಲ ಸೇರಿ ಕನ್ನಡದಲ್ಲಿ ಅಕ್ಷರಗಳ ಸಂಖ್ಯೆ ಬಹಳ ದೊಡ್ಡದು, ಹಸಿರು-ಹಳದಿ ಎರಡರಿಂದಲೇ ಆರು ಸಲಕ್ಕೆ ಉತ್ತರ ಸಿಗುವುದು ಕಷ್ಟ. ಬೂದಾಗಿ ಉಳಿದ ಚೌಕದ ಮೊದಲ ಸಂಕೇತವೂ ಉತ್ತರದ ಅದೇ ಚೌಕದ ಮೊದಲ ಸಂಕೇತವೂ ಒಂದೇ ಆಗಿದ್ದರೆ ನೀಲಿ ಕೊಡಿ. ಮೇಲಿನ ಆಟದಲ್ಲಿ ಬೈ ನೀಲಿಯಾಗುತ್ತದೆ: ವ್ಯಂಜನ ಸರಿ, ಗುಣಿತ ಬೇರೆ.

ಒಂದೊಂದು ಕೀಲಿ ಒತ್ತಿದಾಗಲೂ ಓದಲು ಹೋಗಬೇಡಿ. ಆಂಡ್ರಾಯ್ಡ್ ಕೀಬೋರ್ಡುಗಳಲ್ಲಿ ಕೀಲಿ ಒತ್ತಿದ ಸೂಚನೆಯ (ಕೀಡೌನ್) ಕೋಡ್ ಬಹುಪಾಲು 229 ಎಂದೇ ಬರುತ್ತದೆ, ಯಾವ ಅಕ್ಷರವೆಂದು ತಿಳಿಯದು. ಫಾರ್ಮ್ ಇಟ್ಟು, ಸಬ್ಮಿಟ್ ಆದಾಗ ಇಡೀ ಪದ ತೆಗೆದುಕೊಳ್ಳಿ. ಚೌಕ 56 ಪಿಕ್ಸೆಲ್, ಲೈನ್-ಹೈಟ್ 1.6 ಇರಲಿ, ಕಡಿಮೆಯಾದರೆ ಲ್ಲು, ಡ್ಡ ಇವುಗಳ ಒತ್ತು ಕೆಳಗೆ ಕತ್ತರಿಸಿಹೋಗಬಹುದು.

ದಿನಕ್ಕೊಂದು ಊರು ತೋರಿಸುವುದಾದರೆ ದಿನಾಂಕವನ್ನು ಟುಐಎಸ್‌ಒಸ್ಟ್ರಿಂಗ್‌ನಿಂದ ತೆಗೆಯಬೇಡಿ. ಅದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ; ನಮ್ಮಲ್ಲಿ ಪದ ಬದಲಾಗುವುದು ಬೆಳಗಿನ 5:30ಕ್ಕೆ. ಗೆಟ್‌ಫುಲ್‌ಇಯರ್, ಗೆಟ್‌ಮಂತ್, ಗೆಟ್‌ಡೇಟ್ ಬಳಸಿದರೆ ನಡುರಾತ್ರಿ 12ಕ್ಕೇ ಬದಲಾಗುತ್ತದೆ.